ಬಿಳಿ ಪಂಚೆಯಲ್ಲಿ ಸುತ್ತಿದ ಕೂಸು

ಹಾಲು ಕಾಯಿಸಿ, ಬಾಣಂತಿಗೆ ಬೆಳ್ಳುಳ್ಳಿ ಸುಟ್ಟುಕೊಟ್ಟು, ಹಂಡೆಗೆ ಉರಿ ಹಾಕುವುದರಲ್ಲೇ ಅಂದಿನ ಬೆಳಗೂ ಕಳೆಯಿತು. ಮಗಳು ಹೆರಿಗೆಗೆಂದು ಪಾಂಡವಪುರದ ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಇನ್ನೂ ವಾರ ತುಂಬಿರಲಿಲ್ಲ. ಪಕ್ಕದ ಮನೆಯ ಅಕ್ಕ ದಿನವೂ ಬಂದು ಎಣ್ಣೆ ಅರಿಸಿನ ತಿಕ್ಕಿ ನೀರೆರೆದು ಹೋಗುತ್ತಿದ್ದರು. ಥಂಡಿಯಾದೀತೆಂದು ಬಾಣಂತಿ ಕೋಣೆಯ ಕಿಟಕಿ ತೆರೆಯುತ್ತಿರಲಿಲ್ಲ.

ನಾಗಮಂಗಲದಲ್ಲಿರುವ ಅಳಿಯನ ಅಜ್ಜಿಗೆ ಮೊಬೈಲಿನಲ್ಲಿ ಮುಖ ಸರಿಯಾಗಿ ಕಾಣದು. ಕಾಗದದ ಮೇಲೆ ದೊಡ್ಡದಾಗಿ ಕಳಿಸಿ ಎಂದಿದ್ದರು. ಮಗಳು ಕೂಸನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ಬಾಗಿಲ ಬೆಳಕಿನಲ್ಲಿ ಫೋಟೋ ತೆಗೆದಳು. ಮೊಬೈಲಿನಲ್ಲಿ ಕೆನ್ನೆ ಕೆಂಪಗೆ ತುಂಬಿಕೊಂಡಂತಿತ್ತು.

ಆ ಮೊಬೈಲು ಹಿಡಿದು ನಾನು ಸ್ಟುಡಿಯೋಗೆ ಹೋದೆ. ಪ್ರಿಂಟು ಕೈಗೆ ಬಂದಾಗ ಮುಖವೆಲ್ಲ ಹಳದಿ.

“ಇದೇನ್ರೀ, ಮೊಬೈಲಲ್ಲಿ ಹೀಗಿಲ್ವಲ್ಲ? ಇಂಕು ಕೆಟ್ಟಿರಬೇಕು.”

“ಇಂಕು ಈಗ್ತಾನೆ ಹಾಕಿದ್ದು ಕಣಮ್ಮ.” ಸ್ಟುಡಿಯೋದವರು ಇನ್ನೊಂದು ತೆಗೆದರು. ಅದೂ ಅಷ್ಟೇ. “ಬುಡಿ, ಹಳದಿ ಇಳಿಸ್ಕೊಡ್ತೀನಿ. ಅಜ್ಜಿ ಖುಷಿಯಾದ್ರೆ ಸರಿ ತಾನೆ?”

ಹೂಂ ಎನ್ನುವವಳಿದ್ದೆ. ಆಗ ಕಣ್ಣು ಪಂಚೆಯ ಮೇಲೆ ಬಿತ್ತು. ಕಾಗದದಲ್ಲಿ ಅದು ಬೆಳ್ಳಗೇ ಇತ್ತು, ಒಗೆದು ನೀಲಿ ಹಾಕಿದಷ್ಟು. ಮೊಬೈಲನ್ನು ಪಕ್ಕಕ್ಕೆ ಹಿಡಿದೆ. ಅಲ್ಲಿ ಬಟ್ಟೆಗೂ ಒಂದಿಷ್ಟು ಕೆಂಪು ಹತ್ತಿತ್ತು. ಇಂಕಿನದೇ ತಪ್ಪಾಗಿದ್ದರೆ ಪಂಚೆಯೂ ಹಳದಿಯಾಗಬೇಕಿತ್ತಲ್ಲ? ಕೆಂಪು ಮೊಬೈಲಿನ ಪರದೆಯದು; ಹಳದಿ ಕೂಸಿನದೇ.

“ಯಾಕಮ್ಮ, ಕೂತ್ಕೊಳಿ, ನೀರು ಕೊಡ್ಲಾ?” ಎನ್ನುತ್ತಿದ್ದರು ಅವರು. ನಾನಾಗಲೇ ಮೆಟ್ಟಿಲಿಳಿದಿದ್ದೆ.

ಮನೆಗೆ ಬಂದವಳೇ ಕಿಟಕಿ ತೆರೆದೆ.

“ಥಂಡಿ ಕಣಮ್ಮ!” ಎಂದಳು ಮಗಳು. ಪ್ರಿಂಟು ನೋಡಿ, “ಅರಿಸಿನ ತಿಕ್ಕಿದಾರಲ್ಲ, ಅದೇ ಇರ್ಬೇಕು” ಎಂದಳು.

ಕೂಸಿನ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿದೆ. ಕಣ್ಣಿನ ಬಿಳಿಯೂ ಹಳದಿ. ಅಲ್ಲಿಗೆ ಯಾರೂ ಅರಿಸಿನ ತಿಕ್ಕುವುದಿಲ್ಲ. ಅಷ್ಟಾದರೂ ಅದು ಏಳಲಿಲ್ಲ. ಒಳ್ಳೇ ಕೂಸು, ಅಳೋದೇ ಇಲ್ಲ, ಹಾಲಿಗೂ ಪೀಡಿಸಲ್ಲ ಎಂದು ನಾವು ಹೊಗಳುತ್ತಿದ್ದೆವು.

ಕೂಡಲೇ ಆಟೋ ಹಿಡಿದು ಶ್ರೀರಂಗಪಟ್ಟಣ ಸೇರಿದೆವು. ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಾಮಾಲೆ ಬಹಳ ಏರಿದೆ, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದರು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಸಂಜೆಯ ಹೊತ್ತಿಗೆ ಕೂಸು ತಾನಾಗಿ ಹಾಲಿಗೆ ಬಾಯಿ ಹಾಕಿತು. ಮಗಳು ಆಗ ಅತ್ತಳು.

ಬಟ್ಟೆ, ಫ್ಲಾಸ್ಕು ಒಯ್ಯಲು ನಾನೊಬ್ಬಳೇ ಮನೆಗೆ ಬಂದೆ. ಪಕ್ಕದ ಮನೆಯ ಅಕ್ಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ಸಿಪ್ಪೆ ಕೊಡವಿ, “ಇನ್ನೇನಾದಾತು ಕಣವ್ವ,” ಎಂದರು. “ಕೂಸ್ಗೆ ಹೆಸ್ರಿಕ್ಕೋಕೆ ಮುಂಚೇನೇ ಪೋಟೋ ತಗುದ್ರೆ ದಿಷ್ಟಿಯಾಗ್ದೆ ಇದ್ದಾತಾ?”