ಸಹಿ ಇಲ್ಲದ ಕಾಗದ, ಊರಿಗೆಲ್ಲ ಗೊತ್ತಿರುವ ದನಿ

ಬೆಳಗಿನ ಆರು ಗಂಟೆ. ನಗರಸಭೆಯ ಹಿಂದಿನ ಅಂಗಳದಲ್ಲಿ ನಿಂತ ಮೂರು ಗಾಲಿಯ ಗಾಡಿಯ ನೆತ್ತಿಗೆ, ಬೀದಿ ಬೀದಿಗೆ ನಗರಸಭೆಯ ಪ್ರಕಟಣೆ ಕೂಗುವ ಮೈಕಣ್ಣ ಎರಡು ಧ್ವನಿವರ್ಧಕಗಳನ್ನು ಹಗ್ಗದಿಂದ ಬಿಗಿಯುತ್ತಿದ್ದಾರೆ. ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. ಗೋಡೆಯ ಮೇಲಿನ ಪಾರಿವಾಳಗಳು ಹಾರುತ್ತವೆ. ಅವು ಹಾರಿದರೆ ಮೈಕು ಸರಿಯಾಗಿದೆ ಎಂದು ಅರ್ಥ.

ಆರೂ ಹತ್ತಕ್ಕೆ ಕಾವಲುಗಾರ ಕಿಟಕಿಯಿಂದ ಒಂದು ಕಾಗದ ಚಾಚುತ್ತಾನೆ. "ಒಡೆದಿದ್ದ ದೊಡ್ಡ ಪೈಪಿನ ದುರಸ್ತಿ ಮುಗಿದಿದೆ. ನೀರು ಕುಡಿಯಲು ಯೋಗ್ಯ. ಆತಂಕ ಬೇಡ." ಮೈಕಣ್ಣ ಅದನ್ನು ಓದುತ್ತಾರೆ, ತಿರುಗಿಸುತ್ತಾರೆ, ದೀಪಕ್ಕೆ ಹಿಡಿದು ನೋಡುತ್ತಾರೆ. ಸಹಿ ಇಲ್ಲ. "ಮುಂದೆ ಇಲ್ಲದ್ದು ಹಿಂದೆ ಎಲ್ಲಿಂದ ಬರ್ಬೇಕು" ಎಂದು ತಮ್ಮನ್ನು ತಾವೇ ಛೇಡಿಸಿಕೊಳ್ಳುತ್ತಾರೆ. ಆದರೂ ಇನ್ನೊಂದು ಸಲ ತಿರುಗಿಸುತ್ತಾರೆ.

ನೀರು ಸರಬರಾಜು ವಿಭಾಗದ ಮುಖ್ಯಸ್ಥರಿಗೆ ಫೋನು ಮಾಡುತ್ತಾರೆ. "ಓದ್ರೀ, ಸಹಿ ಆಮೇಲೆ ಹಾಕಿಸೋಣ" ಎನ್ನುತ್ತಾರೆ ಅವರು. ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಮಾಡಿದರೆ, "ನಮ್ಮ ರಿಸಲ್ಟು ಬರೋದೇ ಮಧ್ಯಾಹ್ನ. ನಾವೇನೂ ಹೇಳಿಲ್ಲಪ್ಪ" ಎಂಬ ಉತ್ತರ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಮೈಕಣ್ಣ ಒಬ್ಬರೇ, ಕೈಯಲ್ಲಿ ಮೈಕು ಹಿಡಿದು ನಿಂತಿದ್ದಾರೆ.

ಇಪ್ಪತ್ತೆರಡು ವರ್ಷಗಳಿಂದ ಈ ಊರಿಗೆ ನೀರಿನ ಸುದ್ದಿ ಹೇಳುತ್ತಿರುವುದು ಇದೇ ಗಂಟಲು. ಮೂವತ್ತೆರಡು ಬೀದಿ, ಬೀದಿಗೆ ಮೂರು ಕಡೆ ನಿಲುಗಡೆ, ಒಂದೊಂದು ಕಡೆ ಎರಡೆರಡು ಸಲ. ಒಂದೇ ಮಾತನ್ನು ಒಂದು ಸುತ್ತಿಗೆ ನೂರ ತೊಂಬತ್ತೆರಡು ಸಲ ಹೇಳಬೇಕು. ಸೀಟಿನ ಪಕ್ಕದ ಫ್ಲಾಸ್ಕಿನಲ್ಲಿ ಹೆಂಡತಿ ತುಂಬಿಕೊಟ್ಟ ಬಿಸಿನೀರಿದೆ. "ಊರಿಗೆಲ್ಲಾ ಕೂಗಿ ಬರ್ತಾರೆ, ಮನೇಲಿ ಉಪ್ಪು ಬೇಕಾದ್ರೂ ಕೈಸನ್ನೆ" ಎಂಬುದು ಆಕೆಯ ಹಳೆಯ ದೂರು.

ಕೆಲಸ ಕಲಿಸಿದ ಮುದುಕ ಗುಮಾಸ್ತರು ಮೊದಲ ದಿನವೇ ಒಂದು ಮಾತು ಹೇಳಿದ್ದರಂತೆ: "ದನಿ ಮಾತ್ರ ನಿಂದು, ಮಾತು ನಿಂದಲ್ಲ. ಯಾರ ಮಾತು ಅಂತ ಮೊದಲು ಹೇಳು." ಅಂದಿನಿಂದ ಕಾಗದ ಎಷ್ಟು ಗಂಟೆಗೆ ಕೈಸೇರಿತು, ಸಹಿ ಯಾರದು ಎಂದು ಹೇಳದೆ ಮೈಕಣ್ಣ ಸುದ್ದಿ ಓದುವುದಿಲ್ಲ. ಬೀದಿಯ ಮಕ್ಕಳು ಅದನ್ನೇ ಅಣಕಿಸಿ ಆಡುತ್ತಾರೆ. ಅದಕ್ಕೆ ಅವರಿಗೆ ಬೇಸರವಿಲ್ಲ.

ಅದು ತಪ್ಪಿದ್ದು ಒಂದೇ ದಿನ. ಕಳೆದ ವರ್ಷ ಪೈಪಿಗೆ ಚರಂಡಿ ನೀರು ಸೇರಿದಾಗ ಒಂದೇ ಬೆಳಿಗ್ಗೆ ಮೂರು ಕಾಗದ ಬಂದವು. ಆರಕ್ಕೆ ಬಂದದ್ದು ಕಾಯಿಸಿ ಕುಡಿಯಿರಿ ಎಂದಿತು. ಎಂಟಕ್ಕೆ ಬಂದದ್ದು ಹಾಗೆಯೇ ಕುಡಿಯಿರಿ ಎಂದಿತು. ಟೈಮು, ಸಹಿ ಎಲ್ಲ ಹೇಳಬೇಡಿ, ಜನ ಗಾಬರಿಯಾಗುತ್ತಾರೆ ಎಂದು ಮುಖ್ಯಸ್ಥರು ಫೋನಿನಲ್ಲಿ ಸೇರಿಸಿದರು. ಮೈಕಣ್ಣ ಒಪ್ಪಿದರು, ಕಾಗದದ ಕೆಳಗೆ ಕಣ್ಣು ಹಾಯಿಸಲೂ ಇಲ್ಲ. ಹನ್ನೊಂದನೇ ಬೀದಿಯಲ್ಲಿದ್ದಾಗ ಮೂರನೆಯ ಕಾಗದ ಬಂತು: ಕುಡಿಯಲೇಬೇಡಿ.

ಮೈಕಣ್ಣ ಗಾಡಿ ತಿರುಗಿಸಿದರು. ಒಂದನೇ ಬೀದಿಯಿಂದ ಅದೇ ಕ್ರಮದಲ್ಲಿ ಮತ್ತೆ ಹೋಗಿ, "ಎಂಟು ಗಂಟೆಗೆ ನಾನು ಓದಿದ್ದು ತಪ್ಪು. ಆ ಕಾಗದಕ್ಕೆ ಸಹಿ ಇರಲಿಲ್ಲ, ನಾನು ನೋಡಲಿಲ್ಲ" ಎಂದು ಮೈಕಿನಲ್ಲೇ ಹೇಳಿದರು. ಅಷ್ಟರಲ್ಲಿ ನೀರು ಕುಡಿದಾಗಿದ್ದ ಹದಿನಾಲ್ಕು ಜನ ಹಾಸಿಗೆ ಹಿಡಿದರು. ಏಳನೇ ಬೀದಿಯ ಒಬ್ಬ ಅಜ್ಜಿ ಐದು ದಿನ ಆಸ್ಪತ್ರೆಯಲ್ಲಿದ್ದು ಬಂದರು. "ಓದಿದವರ ದೋಷ" ಎಂದು ನಗರಸಭೆ ಒಂದು ಸಾಲಿನ ಹೇಳಿಕೆ ಕೊಟ್ಟು, ಮೈಕಣ್ಣನ ತಲೆಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಂಡಿತು.

ಆ ಎರಡನೇ ಕಾಗದ ಇಂದಿಗೂ ಸೀಟಿನ ಕೆಳಗಿನ ಬಿಸ್ಕತ್ತು ಡಬ್ಬಿಯಲ್ಲಿದೆ. "ಅದನ್ನ ಯಾರು ಬರೆದ್ರು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ" ಎನ್ನುತ್ತಾರೆ ಮೈಕಣ್ಣ. "ಓದಿದ್ದು ಯಾರು ಅಂತ ಮಾತ್ರ ಊರಿಗೆಲ್ಲಾ ಗೊತ್ತು."

ಈಗ ಇನ್ನೊಂದು ಗೊಂದಲ. ದಿನಾ ಕೂಗುವ ರಗಳೆಯೇ ಬೇಡವೆಂದು ಅವರ ದನಿಯನ್ನೇ ರೆಕಾರ್ಡು ಮಾಡಿಡಲು ಕಚೇರಿ ಹೊರಟಿದೆ. ಜನ ನಂಬುವುದು ಆ ದನಿಯನ್ನೇ ಎಂಬುದು ಕಚೇರಿಯವರಿಗೂ ಗೊತ್ತು. ಹೋದ ವಾರ ಕರೆದು, ನೀರು ಸುರಕ್ಷಿತ ಎಂದು ಹೇಳಿಸಲು ಕೂರಿಸಿದರು. "ಯಾವತ್ತಿನ ನೀರು ಸಾರ್?" ಎಂದು ಇವರು ಕೇಳಿದರು. "ಯಾವತ್ತಿಂದಾದ್ರೂ ಆಗ್ಲಿ, ಹೇಳ್ರೀ." ಮೈಕಣ್ಣ ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಕಾಗದದ ಟೈಮೇ ಮೊದಲು ಬಾಯಿಗೆ ಬಂತು. "ಬೇಕಂತ ಮಾಡಿದ್ದಲ್ಲ, ನಾಲಿಗೆಗೆ ಅಭ್ಯಾಸ. ದನಿ ಕೊಟ್ರೆ ಕೆಲ್ಸ ಉಳಿಯುತ್ತೋ, ಕೊಡದಿದ್ರೆ ಉಳಿಯುತ್ತೋ, ತಲೆಬುಡ ಅರ್ಥ ಆಗ್ತಿಲ್ಲ" ಎನ್ನುತ್ತಾರೆ. ಇವತ್ತು ಕಾಗದ ಓದದೆ ಬಿಟ್ಟರೆ ಮನೆಗೇ ಹೋಗಬೇಕಾದೀತು ಎಂಬ ಅಂಜಿಕೆಯೂ ಇದೆ.

ಆರೂವರೆಗೆ ಗಾಡಿ ಒಂದನೇ ಬೀದಿಗೆ ಬರುತ್ತದೆ. ಮೈಕಣ್ಣ ಮೈಕಿನ ಗುಂಡಿ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಧ್ವನಿವರ್ಧಕ ಎರಡು ಸಲ ಕಿರ್ರೆನ್ನುತ್ತದೆ. ಒಂದೆರಡು ಬಾಗಿಲು ತೆರೆದುಕೊಳ್ಳುತ್ತವೆ. ಕೊನೆಗೆ ಮಾತು ಬರುತ್ತದೆ.

"ಆರೂ ಹತ್ತಕ್ಕೆ ಬಂದ ಕಾಗದ. ನೀರು ಕುಡಿಯಬಹುದು ಅಂತ ಬರೆದಿದೆ. ಸಹಿ ಇಲ್ಲ. ಪ್ರಯೋಗಾಲಯದವರು ಮಧ್ಯಾಹ್ನ ಹೇಳ್ತಾರಂತೆ. ಅಲ್ಲೀವರೆಗೆ ನನಗೂ ಗೊತ್ತಿಲ್ಲ. ಮಧ್ಯಾಹ್ನ ಮತ್ತೆ ಬರ್ತೀನಿ."

ನಾಲ್ಕನೇ ಬೀದಿ ಮುಗಿಯುವಷ್ಟರಲ್ಲಿ ಜೇಬಿನ ಫೋನು ಬಡಿದುಕೊಳ್ಳತೊಡಗುತ್ತದೆ. ತೆರೆಯ ಮೇಲೆ ಮುಖ್ಯಸ್ಥರ ಹೆಸರು. ಎತ್ತಲು ಹೋದ ಕೈ ಹಿಂದೆ ಬರುತ್ತದೆ. "ಮೊದ್ಲು ಏಳನೇ ಬೀದಿ ಮುಗೀಲಿ" ಎನ್ನುತ್ತಾರೆ. ಗಾಡಿಯನ್ನು ಐದನೇ ಬೀದಿಗೆ ತಿರುಗಿಸುತ್ತಾರೆ.

ಏಳನೇ ಬೀದಿಯಲ್ಲಿ ಅಜ್ಜಿ ತುಂಬಿದ ಕೊಡ ಮುಂದಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾರೆ. ಎರಡು ಸಲವೂ ಪೂರ್ತಿ ಕೇಳಿಸಿಕೊಳ್ಳುತ್ತಾರೆ.

"ಅಂದ್ರೆ ನಿಂಗೂ ಗೊತ್ತಿಲ್ಲ" ಎನ್ನುತ್ತಾರೆ.

"ಇಲ್ಲ ಅಜ್ಜಿ. ಗೊತ್ತಿಲ್ಲ."

"ಸರಿ ಬಿಡು, ಕಾಯಿಸಿಯೇ ಕುಡೀತೀನಿ. ಮಧ್ಯಾಹ್ನ ಮಲಗಿರಲ್ಲ, ಬಾ." ಅಜ್ಜಿ ಕೊಡಕ್ಕೆ ತಟ್ಟೆ ಮುಚ್ಚಿ, ಒಲೆ ಹೊತ್ತಿಸಲು ಒಳಗೆ ಹೋಗುತ್ತಾರೆ.

ಮೈಕಣ್ಣ ಫ್ಲಾಸ್ಕಿನಿಂದ ಒಂದು ಗುಟುಕು ಕುಡಿದು ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಫೋನು ಮತ್ತೆ ಬಡಿದುಕೊಳ್ಳುತ್ತಿದೆ. "ದೊಡ್ಡ ಆಸೆ ಏನಿಲ್ಲ" ಎನ್ನುತ್ತಾರೆ. "ಬೈಯೋದಿದ್ರೆ ಬೈಲಿ. ಮಧ್ಯಾಹ್ನ ಗಾಡಿ ಮಾತ್ರ ಕೊಡ್ಲಿ. ಬರ್ತೀನಿ ಅಂತ ಹೇಳಿಬಿಟ್ಟಿದ್ದೀನಿ, ಅದೊಂದು ನಂದೇ ಮಾತು."