ಹರಿದವರು ಕೊನೆಗೆ ತಗೊಳ್ಳಬೇಕು

ಹೋದ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಧ್ವನಿ ನನ್ನ ಕಿವಿಗೇ ಬಿತ್ತು. ಆಗ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

(ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ ಎಂಬುದನ್ನೇ ನನ್ನ ಓದುಗರು ನಂಬಲಿಕ್ಕಿಲ್ಲ. ಮುಂದೆ ಹೇಳುವುದನ್ನಾದರೂ ನಂಬಿ.)

ಕೂತದ್ದು ಆರನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ. ಪಕ್ಕದಲ್ಲಿ ಗುಲಬರ್ಗಾದಿಂದ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು. ಬೋರ್ಡಿನ ಮುಂದೆ ಖಾಜಾ ಸಾಹೇಬರು, ನಮ್ಮ ಶಾಲೆಯ ಹಳೆಯ ಲೆಕ್ಕದ ಮಾಸ್ತರರು. ತುಟಿ ಅವರದು, ಗಡ್ಡ ಅವರದು. ಹೊರಗೆ ಬರುತ್ತಿದ್ದ ಧ್ವನಿ ಮಾತ್ರ ನನ್ನದು! ನನ್ನ ರಾಗ, ನನ್ನ ಕೆಮ್ಮು, ಎರಡು ಮಾತಿಗೊಮ್ಮೆ ಮೂಗು ಉಜ್ಜಿಕೊಂಡು "ಏನ್ರಪಾ, ತಿಳೀತಿಲ್ಲೋ?" ಅನ್ನುವ ರೀತಿ. ನಾನು ಮೂಗು ಉಜ್ಜಿಕೊಳ್ಳುತ್ತೇನೆಂದು ನನಗೆ ಗೊತ್ತಾದದ್ದೇ ಅವತ್ತು.

ನಕಲು ಮಾಡುವುದು ನನ್ನ ಹಳೆಯ ಚಟ. ರಂಗಂಪೇಟೆಯ ಬಟ್ಟೆ ಅಂಗಡಿಯ ಶೆಟ್ಟರು ಎದ್ದು ಹೊರಟ ಗಿರಾಕಿಯನ್ನು ಕೂಗುವುದು, ಯಾದಗಿರಿ ಸ್ಟೇಷನ್ನಿನ ಚಹಾದವನ ಗಂಟಲು, ತಹಶೀಲ ಕಚೇರಿಯ ಕಾರಕೂನರ ಆಕಳಿಕೆ, ಟಗರು, ಹೋತ, ಎಲ್ಲ ಬರುತ್ತದೆ. ಖಾಜಾ ಸಾಹೇಬರು ಕನ್ನಡಕ ಒರೆಸಿಕೊಂಡು "ಛಡಿ ಲಾವ್" ಅನ್ನುವುದಂತೂ ನನ್ನ ಬಹು ಬೇಡಿಕೆಯ ಐಟಮ್ಮು. ಇದೇ ಶಾಲೆಯಲ್ಲಿ ಅವರ ಶಿಷ್ಯನಾಗಿದ್ದು ಈಗ ಇಲ್ಲೇ ಮಾಸ್ತರನಾದ ನಾನು ಆ ಛಡಿ ತಿಂದವನೇ, ಆದ್ದರಿಂದ ಅಭಿನಯದಲ್ಲಿ ಸತ್ಯಾಂಶ ಹೆಚ್ಚು. ಇಷ್ಟು ವರ್ಷ ಊರನ್ನೆಲ್ಲ ನಕಲು ಮಾಡಿದ ನನಗೆ ಒಂದು ಸಲವೂ ಹೊಳೆಯದ ಪ್ರಶ್ನೆ: ನನ್ನ ನಕಲು ಯಾರಾದರೂ ಮಾಡಿದರೆ ಹೇಗಿರುತ್ತದೆ?

ಸ್ವಲ್ಪ ಹಿಂದಕ್ಕೆ ಹೋಗೋಣ.

ಸುರಪುರದ ನಮ್ಮ ಶಾಲೆ ಮೊನ್ನೆ ಮೊನ್ನೆಯವರೆಗೆ ವಸ್ತಾನಿಯಾ, ಅಂದರೆ ನಿಜಾಮರ ಕಾಲದ ಮಿಡ್ಲ್ ಸ್ಕೂಲು, ಅನ್ನಿಸಿಕೊಂಡಿತ್ತು, ಪಾಠವೆಲ್ಲ ಉರ್ದುವಿನಲ್ಲಿ. ನಿಜಾಮರ ರಾಜ್ಯ ಹೋಯಿತು. ಈಗ ಅದೇ ಕಟ್ಟಡ ಮಾಧ್ಯಮಿಕ ಶಾಲೆ, ಪಾಠವೆಲ್ಲ ಕನ್ನಡದಲ್ಲಿ. ಬೋರ್ಡು ಬದಲಾಯಿತು. ಮಾಳಿಗೆ ಸೋರುವ ಜಾಗ ಬದಲಾಗಲಿಲ್ಲ.

ಕನ್ನಡದಲ್ಲಿ ಪಾಠ ಎಂದ ಕೂಡಲೇ ನನಗೆ ಎಲ್ಲಿಲ್ಲದ ಮೀಸೆ ಬಂತು. ಮನೆಮಾತು ಕನ್ನಡ, ಹೆಸರು ಶರಣಪ್ಪ, ಇನ್ನೇನು ಬೇಕು? ಬೇಕಾದದ್ದು ಮೊದಲ ದಿನವೇ ಗೊತ್ತಾಯಿತು. ಬೋರ್ಡಿನ ಮೇಲೆ ಏಳು ಇಂಟು ಎಂಟು ಎಂದು ಬರೆದೆ. ಮುಂದೆ? ನಾಲಿಗೆ ತನ್ನಷ್ಟಕ್ಕೆ ಒಳಗೊಳಗೇ "ಸಾತ್ ಅಟ್ಠೇ ಛಪ್ಪನ್" ಅಂದಿತು. ಆಮೇಲೆ ಅದನ್ನು ಕನ್ನಡಕ್ಕೆ ಇಳಿಸಿ "ಐವತ್ತಾರು" ಎಂದು ಬರೆದೆ. ಇವತ್ತಿಗೂ ಹಾಗೆಯೇ. ಕನ್ನಡದಲ್ಲಿ ಬೈಯುತ್ತೇನೆ, ಕನ್ನಡದಲ್ಲಿ ದೇವರಿಗೆ ಕೈ ಮುಗಿಯುತ್ತೇನೆ, ಲೆಕ್ಕ ಮಾತ್ರ ಖಾಜಾ ಸಾಹೇಬರು ಬಾರಿಸಿ ಕಲಿಸಿದ ಉರ್ದುವಿನಲ್ಲಿ ಮಾಡುತ್ತೇನೆ. ನಮ್ಮ ಸೀಮೆಯಲ್ಲಿ ಹೀಗಿರುವವನು ನಾನೊಬ್ಬನೇ ಏನು? ಸುರಪುರದಿಂದ ಶಹಾಪುರದ ತನಕ ಯಾವ ಮಾಸ್ತರರ ತುಟಿಯನ್ನಾದರೂ ಸೂಕ್ಷ್ಮವಾಗಿ ನೋಡಿ.

ಆದರೆ ಕಷ್ಟಕ್ಕೆ ಸಿಕ್ಕವರು ಖಾಜಾ ಸಾಹೇಬರು. ಸಂತೆಯಲ್ಲಿ ಅವರ ಕನ್ನಡ ಕೇಳಬೇಕು, ಬದನೆಕಾಯಿ ಮಾರುವವಳು ಸೋತು ಕೈ ಮುಗಿಯುತ್ತಾಳೆ. ಪುಸ್ತಕದ ಕನ್ನಡ ಬೇರೆ. "ಲಘುತ್ತಮ" ಅನ್ನಲು ಹೋದರೆ ಅವರಿಗೆ ಕೆಮ್ಮು ಬರುತ್ತಿತ್ತು. ಸರ್ಕ್ಯುಲರ್ ಬಂತು: ಇನ್‌ಸ್ಪೆಕ್ಟರರು ಬಂದು ಹಳೆಯ ಮಾಸ್ತರರ ಒಂದೊಂದು ಪಾಠ ಕೇಳುತ್ತಾರೆ, ಕನ್ನಡದಲ್ಲಿ ಕಲಿಸಲು ಆಗದವರನ್ನು ದೂರದ ಉರ್ದು ಶಾಲೆಗೆ ಕಳಿಸುತ್ತಾರೆ. ಖಾಜಾ ಸಾಹೇಬರಿಗೆ ಸುರಪುರ ಬಿಟ್ಟರೆ ಗೊತ್ತಿರುವ ಊರು ಶಹಾಪುರ ಒಂದೇ. ಅದೂ ಬೀಗರ ಊರು, ಎರಡು ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ.

ಹೆಡ್‌ಮಾಸ್ತರರು ನನ್ನನ್ನು ಕರೆದರು. "ಇಷ್ಟ್ ದಿನ ಸಾಹೇಬ್ರ ನಕಲ್ ಮಾಡಿ ಹುಡುಗ್ರನ್ನ ನಗಿಸಿದಿ. ಈಗ ಒಂದೀಟು ಕೆಲಸಕ್ಕ ಬಾ. ಹದಿನೈದು ದಿನದಾಗ ಭಿನ್ನರಾಶಿ ಪಾಠ ಕನ್ನಡದಾಗ ಅವರ ಬಾಯಿಗೆ ಹತ್ತಬೇಕು."

ಸಂಜೆ ಶಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗೆ ಟ್ಯೂಷನ್ ಶುರುವಾಯಿತು. ಗುರುವಿಗೆ ಶಿಷ್ಯ ಗುರು. (ಛಡಿ ನನ್ನ ಕೈಯಲ್ಲಿರಲಿಲ್ಲ. ಅದೊಂದು ಆಸೆ ಉಳಿದೇಹೋಯಿತು.) ನಮ್ಮ ಹತ್ತಿರ ಇದ್ದದ್ದು ಧಾರವಾಡದ ಕಡೆಯಿಂದ ಯಾರೋ ತಂದ ಒಂದೇ ಒಂದು ಕನ್ನಡ ಲೆಕ್ಕದ ಪುಸ್ತಕ. ಭಿನ್ನರಾಶಿಯ ಮೊದಲ ಹಾಳೆ ಅದರಲ್ಲಿ ಇರಲಿಲ್ಲ. ಅಂಶ, ಛೇದ ಎಂಬ ಎರಡು ಹೆಸರು ಮುಂದಿನ ಪುಟಗಳಲ್ಲಿ ಸಿಕ್ಕವು. ಯಾವುದು ಮೇಲಿನದು, ಯಾವುದು ಕೆಳಗಿನದು? ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿದೆನೇ? ಕನ್ನಡದ ಪಂಡಿತ ನಾನು!

"ಮ್ಯಾಲಿಂದು ಛೇದ ರೀ ಸಾಹೇಬ್ರ, ಕೆಳಗಿಂದು ಅಂಶ."

"ಮ್ಯಾಲಿಂದ್ಯಾಕೋ ಶರಣ್ಯಾ?"

"ಛೇದ ಅಂದ್ರ ಕಡಿಯೋದ್ರಿ. ಕೊಡಲಿ ಮ್ಯಾಲಿಂದ ಬೀಳತೈತೋ, ಕೆಳಗಿಂದ ಏಳತೈತೋ?"

"ಹೌದ್ ಬಿಡು. ಶಾಬಾಶ್!" ಅಂದರು. ಕಣ್ಣು ಮುಚ್ಚಿ ಹತ್ತು ಸಲ ಹೇಳಿಕೊಂಡರು. ನಾನು ನಡುವೆ ಕೆಮ್ಮಿದರೆ ಅವರೂ ಅಲ್ಲಿಗೆ ನಿಲ್ಲಿಸಿ ಕೆಮ್ಮುತ್ತಿದ್ದರು. ವಯಸ್ಸಾಯಿತು, ಧೂಳಿಗೆ ಆಗದು ಎಂದುಕೊಂಡೆ.

ಆ ಹದಿನೈದು ದಿನದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಊಟದ ಬೆಲ್ಲಿಗೆ ಮುಂಚಿನ ಅವರ ಪಿರಿಯಡ್ಡಿನಲ್ಲಿ ಆರನೇ ಕ್ಲಾಸು ಒಮ್ಮೊಮ್ಮೆ ಗಪ್‌ಚಿಪ್ ಆಗಿಬಿಡುತ್ತಿತ್ತು. ಮಿಡ್ಲ್ ಸ್ಕೂಲಿನ ಮಾಸ್ತರರಿಗೆ ಹೇಳುವುದು ಬೇಡ: ಆರನೇ ಕ್ಲಾಸು ಸುಮ್ಮನಿದೆ ಎಂದರೆ ಒಂದೋ ಒಳಗೆ ಹಾವು ಬಂದಿದೆ, ಇಲ್ಲವೇ ಮಕ್ಕಳು ಏನೋ ತಿನ್ನುತ್ತಿವೆ. ಕಿಟಕಿಯಲ್ಲಿ ಇಣುಕಿದೆ.

ರೊಟ್ಟಿ!

ಮಕ್ಕಳು ಮೂವರು ಮೂವರಾಗಿ ಕೂತಿದ್ದರು. ಪ್ರತಿ ಗುಂಪಿನ ನಡುವೆ ಬುತ್ತಿಯಿಂದ ತೆಗೆದ ಒಂದೊಂದು ಜೋಳದ ರೊಟ್ಟಿ. ಒಬ್ಬರು ಹರಿಯುತ್ತಿದ್ದರು, ಉಳಿದಿಬ್ಬರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕುರಿ ಕಾಯುವ ಮನೆಯ ಮಾಳವ್ವ ಹರಿದ ಮೂರು ತುಂಡುಗಳಂತೂ ತಕ್ಕಡಿಯಲ್ಲಿ ತೂಗಿದ ಹಾಗಿದ್ದವು. ರೊಟ್ಟಿಯನ್ನು ಮಡಚಿದರೆ ಎರಡು, ಇನ್ನೊಮ್ಮೆ ಮಡಚಿದರೆ ನಾಲ್ಕು. ಮೂರು ಮಾಡುವುದು ಹೇಗೆ? (ಪೇಪರಿನಲ್ಲಿ ನಮ್ಮ ಇಡೀ ಹೈದರಾಬಾದು ಸಂಸ್ಥಾನವನ್ನೇ ಮೂರು ಭಾಗ ಮಾಡುವ ಮಾತು ಬರುತ್ತಿದೆ. ಆ ದೊಡ್ಡವರಾದರೂ ಎಲ್ಲಿ ಕಲಿತರೋ.)

ಆಮೇಲೆ ಕೇಳಿದೆ. "ಸಾಹೇಬ್ರ, ಇದ್ಯಾವ ಟ್ರೇನಿಂಗಿನಾಗ ಕಲಸ್ಯಾರ?"

"ಟ್ರೇನಿಂಗ್ ಅಲ್ಲೋ. ಕುರಿ ಹಿಂದ ಹೋಗೋ ಹುಡುಗ್ರು ಅಡವ್ಯಾಗ ಹಿಂಗಽ ಹಂಚ್ಕೊಂಡು ತಿಂತಾವ. ಹರದಾಂವ ಕಡೀಕ ತಗೋಬೇಕು. ಮೊದಲ ಉಳದವರು ಆರಿಸ್ಕೋತಾರ. ಹರಿಯಾಂವ ಒಂದು ತುಂಡು ಸಣ್ಣದು ಮಾಡಿದ್ರ ಅದು ಅವಂಗಽ ಗಂಟು. ಮತ್ತ ಸಣ್ಣದು ಮಾಡ್ತಾನೇನು?"

ಇಲಾಖೆಯವರು "ಸ್ಥಳೀಯ ಪಾಠೋಪಕರಣ ತಯಾರಿಸತಕ್ಕದ್ದು" ಎಂದು ಬರೆದಾಗ ನಾನು ಮಾಡಿದ್ದೇನು ಗೊತ್ತೇ? ರಟ್ಟಿನ ದುಂಡನೆಯ ಚಾರ್ಟು. ಬಣ್ಣ ಹಚ್ಚಿ ಗೋಡೆಗೆ ತೂಗುಹಾಕಿದೆ. ಇಲಿ ಕಾಲು ಭಾಗ ತಿಂದಿತು, ಮುಕ್ಕಾಲು ಉಳಿಯಿತು. ಭಿನ್ನರಾಶಿಯ ಬಗ್ಗೆ ಆ ಚಾರ್ಟು ಕಲಿಸಿದ್ದು ಅಷ್ಟೇ.

ಸರಿ, ನಕಲುಗಾರನಿಗೆ ನಾಚಿಕೆ ಎಲ್ಲಿದೆ? ಮರುದಿನ ಐದನೇ ಕ್ಲಾಸಿಗೆ ನಾನೂ ರೊಟ್ಟಿ ಒಯ್ದೆ. ಅವ್ವ ಡಬ್ಬಿಯಲ್ಲಿ ಒಣಗಿಸಿಟ್ಟ ಕಟಕ ರೊಟ್ಟಿ. "ಮೂರು ಭಾಗ ಮಾಡೋಣ" ಎಂದು ಮುಟ್ಟಿದೆ. ಫಟ್! ಎಷ್ಟು ಭಾಗವಾಯಿತೆಂದು ಮಕ್ಕಳು ಇನ್ನೂ ಎಣಿಸುತ್ತಿದ್ದಾರೆ. ಮಾಸ್ತರ ಬಂಧುಗಳೇ, ಬರೆದಿಟ್ಟುಕೊಳ್ಳಿ: ಮೆತ್ತನೆಯ ರೊಟ್ಟಿಯೇ ಬೇಕು, ಮಕ್ಕಳ ಬುತ್ತಿಯದೇ ಬೇಕು, ಊಟಕ್ಕೆ ಮುಂಚೆಯೇ ಬೇಕು. ಹೊಟ್ಟೆ ತುಂಬಿದವರು ಯಾವ ತುಂಡು ದೊಡ್ಡದೆಂದು ಯಾಕೆ ನೋಡುತ್ತಾರೆ?

ಈಗ ಗುರುವಾರಕ್ಕೆ ಬರೋಣ.

ಖಾಜಾ ಸಾಹೇಬರು ನನ್ನ ಧ್ವನಿಯಲ್ಲಿ ಶುರು ಮಾಡಿದರು. ಮಕ್ಕಳು ಮೊದಲು ಅವರನ್ನು ನೋಡಿದರು, ಆಮೇಲೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಮುಂದಿನ ಸಾಲಿನಿಂದ "ಖೀಂ" ಎಂದು ಒಂದು ಸದ್ದು. ಸಾಹೇಬರು ಮೂಗು ಉಜ್ಜಿದರು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡಿತು. ಇನ್‌ಸ್ಪೆಕ್ಟರರಿಗೆ ಏನೂ ತಿಳಿಯದು. ನನಗೆ ಎಲ್ಲ ತಿಳಿಯುತ್ತಿತ್ತು, ಆದ್ದರಿಂದ ಕಿವಿ ಬಿಸಿಯಾಗಿದ್ದವು. ಅವರು ಗೇಲಿ ಮಾಡುತ್ತಿರಲಿಲ್ಲ. ಕಲಿಸುವವರು ಹೇಗೆ ಹೇಳುತ್ತಾರೋ ಹಾಗೆಯೇ, ನಿಲ್ಲಿಸಿದಲ್ಲಿ ನಿಲ್ಲಿಸಿ, ಒಪ್ಪಿಸುವುದು ಅವರು ಬಾಲ್ಯದಲ್ಲಿ ಕಲಿತ ಕಲಿಕೆ. ನನ್ನ ಕೆಮ್ಮೂ ಪಾಠದಲ್ಲಿ ಸೇರಿದೆ ಎಂದುಕೊಂಡಿದ್ದರು, ಪಾಪ.

ಕೆಮ್ಮು ಸೇರಿದ ಮೇಲೆ ತಪ್ಪು ಸೇರದೆ ಇರುತ್ತದೆಯೇ?

"ಮ್ಯಾಲಿಂದು ಛೇದ, ಕೆಳಗಿಂದು ಅಂಶ. ಏನ್ರಪಾ, ತಿಳೀತಿಲ್ಲೋ?"

ಇನ್‌ಸ್ಪೆಕ್ಟರರ ಪೆನ್ನು ನಿಂತಿತು. "ಇನ್ನೊಮ್ಮೆ ಹೇಳ್ರಿ." ಇನ್ನೊಮ್ಮೆ ಹೇಳಿದರು, ಕೆಮ್ಮಿನ ಸಮೇತ. ಪೆನ್ನು ಏನನ್ನೋ ಬರೆಯಿತು. ಓರೆಗಣ್ಣಿನಲ್ಲಿ ನೋಡಿದೆ: "ಪಾರಿಭಾಷಿಕ ಶಬ್ದಗಳು: ತಪ್ಪು."

ಇನ್‌ಸ್ಪೆಕ್ಟರರು ಎದ್ದು ಮಾಳವ್ವನ ಹತ್ತಿರ ಹೋದರು. "ಛೇದ ಅಂದ್ರ ಯಾವುದವ್ವಾ?"

"ಹೆಸರು ಗೊತ್ತಿಲ್ರಿ. ಕೆಳಗ ಬರಿಯೋದು ಎಷ್ಟ್ ಪಾಲು ಹರದೀವಿ ಅಂತ. ಮ್ಯಾಲ ಬರಿಯೋದು ನನಗೆಷ್ಟು ಬಂತು ಅಂತ."

"ಹಂಗಾದ್ರ ಮೂರರಾಗ ಒಂದು ದೊಡ್ಡದೋ, ಆರರಾಗ ಒಂದು ದೊಡ್ಡದೋ?"

ಮಾಳವ್ವ ಅವರನ್ನು ಕನಿಕರದಿಂದ ನೋಡಿದಳು. "ಮಂದಿ ಹೆಚ್ಚಾದ್ರ ತುಂಡು ಸಣ್ಣದಾಗತೈತ್ರಿ. ನಮ್ಮನ್ಯಾಗ ಆರು ಮಂದಿ. ನಾ ದಿನಾ ನೋಡತೀನಿ."

ಇನ್‌ಸ್ಪೆಕ್ಟರರು ಖಾಜಾ ಸಾಹೇಬರ ಕಡೆ ತಿರುಗಿದರು. "ಸಾಹೇಬ್ರ, ಹುಡುಗಿಗೆ ತಿಳದೈತಿ. ಆದ್ರ ಹೆಸರು ಅದಲಿ ಬದಲಿ ಆಗ್ಯಾವ. ಮ್ಯಾಲಿಂದು ಅಂಶ, ಕೆಳಗಿಂದು ಛೇದ. ನಿಮಗಿದು ಯಾರು ಹೇಳಿಕೊಟ್ರು?"

ನಾನಿನ್ನೂ ಟೆಂಪರರಿ. ಕಾಯಂ ಮಾಡಬೇಕೋ ಬೇಡವೋ ಎಂದು ಬರೆಯುವುದು ಅದೇ ಪೆನ್ನು. ಖಾಜಾ ಸಾಹೇಬರಿಗೆ ಅದು ಗೊತ್ತಿತ್ತು. ನನ್ನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

"ಯಾರೂ ಇಲ್ರಿ. ವಯಸ್ಸಾತು ನೋಡ್ರಿ, ನನಗಽ ತಪ್ಪೇತಿ." ಇದು ಅವರದೇ ಧ್ವನಿ.

ಸುಮ್ಮನಿರಬಹುದಿತ್ತು. ಸುಮ್ಮನಿರಲು ಒಂದು ಕ್ಷಣ ಪ್ರಯತ್ನವನ್ನೂ ಮಾಡಿದೆ, ಸುಳ್ಳೇಕೆ ಹೇಳಲಿ? ಆ ಪೆನ್ನು ಮತ್ತೆ ಕಾಗದದ ಕಡೆ ಇಳಿಯುವುದನ್ನು ನೋಡಿದೆ. ಎದ್ದೆ.

"ತಪ್ಪು ಅವರದಲ್ರಿ, ನಂದು. ಪುಸ್ತಕದಾಗ ಆ ಹಾಳಿ ಇರಲಿಲ್ಲ. ಕೊಡಲಿ ಮ್ಯಾಲಿಂದ ಬೀಳತೈತಿ ಅಂತ ನಾನಽ ಹೇಳಿಕೊಟ್ಟೆ."

"ಕೊಡಲಿ?"

ಎಲ್ಲ ಹೇಳಿದೆ, ರೊಟ್ಟಿ ಹರಿದವರು ಕೊನೆಗೆ ತಗೊಳ್ಳುವ ನಿಯಮವನ್ನೂ. ಹೇಳುತ್ತ ಹೇಳುತ್ತ ಮೂಗು ಉಜ್ಜಿದೆ, ಕೆಮ್ಮಿದೆ. ಆಗ ಇನ್‌ಸ್ಪೆಕ್ಟರರಿಗೆ ಮಕ್ಕಳು ಅಷ್ಟು ಹೊತ್ತು ಯಾಕೆ ನಗುತ್ತಿದ್ದರೆಂದು ಹೊಳೆಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಕ್ಕರು, ಅಷ್ಟು ನಕ್ಕರು. ಕಡೆಗೆ ಕಣ್ಣೊರೆಸಿಕೊಂಡು, "ತಪ್ಪು ನಿಮ್ಮದು, ಖರೆ. ಆದ್ರ ಆ ಹುಡುಗಿಗೆ ತಿಳದದ್ದು ಯಾರದು?" ಅಂದರು.

ನಾನು ಖಾಜಾ ಸಾಹೇಬರ ಕಡೆ ಕೈ ತೋರಿಸಿದೆ. ಖಾಜಾ ಸಾಹೇಬರು ಮಾಳವ್ವನ ಕಡೆ ತೋರಿಸಿದರು. ಮಾಳವ್ವ ತನ್ನ ಬುತ್ತಿಯ ರೊಟ್ಟಿಯ ಕಡೆ ನೋಡುತ್ತಿದ್ದಳು. ಊಟದ ಹೊತ್ತಾಗಿತ್ತು.

ಪೆನ್ನು ಆ ಸಾಲನ್ನು ಹೊಡೆದುಹಾಕಿತು. ಖಾಜಾ ಸಾಹೇಬರು ಸುರಪುರದಲ್ಲೇ ಇರುತ್ತಾರೆ. ಆದರೆ ಐದು, ಆರು, ಏಳನೇ ಕ್ಲಾಸಿನ ಲೆಕ್ಕದ ಪಿರಿಯಡ್ಡುಗಳನ್ನೆಲ್ಲ ಒಟ್ಟು ಸೇರಿಸಿ, ನಾವಿಬ್ಬರೂ ಸಮನಾಗಿ ಹಂಚಿಕೊಳ್ಳಬೇಕೆಂದು ಅಪ್ಪಣೆಯಾಯಿತು. ನನ್ನ ಕಾಯಂ ವಿಷಯ? "ನೋಡೋಣು" ಅಂದರು. ಟೈಮ್‌ಟೇಬಲ್ಲಿನ ಹಾಳೆಯನ್ನು ಮಾತ್ರ ನನ್ನ ಕೈಗೇ ಕೊಟ್ಟರು.

"ನೀವು ಹರೀರಿ. ಸಾಹೇಬ್ರು ಮೊದಲು ತಗೋತಾರ."

ಎರಡು ದಿನ ಕೂತೆ. ಸೋರುವ ಕೋಣೆ, ಗದ್ದಲದ ಆರನೇ ಕ್ಲಾಸು, ಶನಿವಾರದ ಕೊನೆಯ ಪಿರಿಯಡ್ಡು, ಊಟದ ಮೇಲಿನ ತೂಕಡಿಕೆ. ಎರಡು ಚೀಟಿ ಮಾಡಿ ಈ ಕಡೆ ಒಂದು ಇಟ್ಟೆ, ಆ ಕಡೆ ಒಂದು ತೆಗೆದೆ. ಇನ್ನೊಬ್ಬರ ಪಾಲನ್ನು ಇಷ್ಟು ಕಾಳಜಿಯಿಂದ ನಾನು ಯಾವತ್ತೂ ನೋಡಿರಲಿಲ್ಲ. (ಮಾಳವ್ವನ ಕೈ ನನಗೆ ಬರಲಿಲ್ಲ. ಊಟಕ್ಕೆ ಮುಂಚಿನ ಪಿರಿಯಡ್ಡುಗಳೆಲ್ಲ ಒಂದೇ ಚೀಟಿಗೆ ಬಂದವು, ಊಟದ ಮೇಲಿನವೆಲ್ಲ ಇನ್ನೊಂದಕ್ಕೆ.) ಮುಂಚಿನವು ಅವರಿಗೇ ಹೋಗುತ್ತವೆ, ರೊಟ್ಟಿ ಅವರದಲ್ಲವೇ ಎಂದುಕೊಂಡು ಎರಡೂ ಚೀಟಿ ಮುಂದಿಟ್ಟೆ.

ಖಾಜಾ ಸಾಹೇಬರು ಕನ್ನಡಕ ಒರೆಸಿಕೊಂಡು ಎರಡನ್ನೂ ಓದಿದರು. ಊಟದ ಮೇಲಿನ ಚೀಟಿಯನ್ನು ಎತ್ತಿ ಕಿಸೆಗೆ ಹಾಕಿಕೊಂಡರು.

"ಸಾಹೇಬ್ರ, ಅದರಾಗ ರೊಟ್ಟಿ ಇರಂಗಿಲ್ರಿ!"

"ನನಗ ರೊಟ್ಟಿ ಇಲ್ದನೂ ಬರತೈತಿ. ಕಲೀಬೇಕಾದಾಂವ ನೀನು," ಅಂದರು. ಮೂಗು ಉಜ್ಜಿಕೊಂಡು, "ಏನಪಾ, ತಿಳೀತಿಲ್ಲೋ?" ಎಂದು ಸೇರಿಸಿದರು. ಈ ಸಲ ಅದು ಪೂರಾ ಗೇಲಿ.

ನನ್ನದು ಹೀಗಾಯಿತು. ನಿಮ್ಮ ಶಾಲೆಯಲ್ಲಿ ಟೈಮ್‌ಟೇಬಲ್ ಹರಿಯುವವರು ಯಾರು, ಮೊದಲು ತಗೊಳ್ಳುವವರು ಯಾರು?