ನಳಿಗೆಯ ಮೇಲೆ ಮೂರು ಬೆರಳು

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ, ಬೆಳಿಗ್ಗೆ ಏಳೂವರೆ, ರಾಣೆಬೆನ್ನೂರಿನ ನಮ್ಮ ಮನೆಯ ಹಿತ್ತಲ ಕಟ್ಟೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಗಿರಿಜಾ, ಹೊಸ್ತಿಲು ದಾಟಲೊಲ್ಲದೆ ಒಳಗೇ ನಿಂತ ವೈನಿ, ಮತ್ತು ಗೋಣಿತಟ್ಟಿನ ಮೇಲೆ ಮಲಗಿದ್ದ ಒಂಟಿ ನಳಿಗೆಯ ಬಂದೂಕು. ವೈನಿಯೆಂದರೆ, ಕಳೆದ ಬೇಸಿಗೆಯಲ್ಲಿ ತೀರಿಹೋದ ನನ್ನ ಅಣ್ಣನ ಹೆಂಡತಿ. ಬ್ಯಾಡಗಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿ ಆಯುಷ್ಯ ಸವೆಸಿದ ನನಗೆ ಹಾಜರಿ ತೆಗೆದುಕೊಳ್ಳದೆ ಕೆಲಸ ಶುರುಮಾಡಲು ಬರುವುದಿಲ್ಲ. ನಿವೃತ್ತನಾದ ಮೇಲೆ ಸೀಟಿ ಊದುವುದನ್ನು ಬಿಟ್ಟಿದ್ದೇನೆ. ಗಿರಿಜಾಳ ಪ್ರಕಾರ ಅದನ್ನೂ ಬಿಟ್ಟಿಲ್ಲ, ನಿದ್ದೆಯಲ್ಲಿ ಊದುತ್ತೇನೆ.

ಬಂದೂಕಿನ ಉಕ್ಕಿಗಿರುವ ನೀಲಿಗಪ್ಪು ಹೊಳಪನ್ನು ನೀವು ಬಣ್ಣವೆಂದೇ ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಮೂಲದಲ್ಲಿ ಅದು ಬಳಿದದ್ದಲ್ಲ, ಉಕ್ಕಿಗೆ ಬೇಕೆಂತಲೇ ಒಂದು ಬಗೆಯ ತುಕ್ಕು ಹಿಡಿಸಿ, ಆ ಸಜ್ಜನ ತುಕ್ಕನ್ನು ದುರ್ಜನ ತುಕ್ಕಿನ ವಿರುದ್ಧ ಕಾವಲಿಗೆ ನಿಲ್ಲಿಸುವ ಉಪಾಯ. ಕೈ ತಾಗಿ ತಾಗಿ ಅದು ಸವೆದಾಗ, ಅಂಗಡಿಯಲ್ಲಿ ಸಿಗುವ ದ್ರಾವಣ ಹಚ್ಚಿ ಮನೆಯಲ್ಲೇ ಮರಳಿ ಕಪ್ಪಾಗಿಸಿಕೊಳ್ಳಬಹುದು. ಐರಣಿಯ ಹೊಲದಲ್ಲಿ ಗೋವಿನಜೋಳಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಅಣ್ಣ ಇಟ್ಟುಕೊಂಡಿದ್ದ ಬಂದೂಕು ಇದು. ಅವನ ನಂತರ ಲೈಸೆನ್ಸು ನನ್ನ ಹೆಸರಿಗೆ ಬಂತು.

ಇದರ ಸವಕಳಿಗೆ ಕೈಯಷ್ಟೇ ಕಾರಣವಲ್ಲ, ಭಕ್ತಿಯೂ ಕಾರಣ. ಪ್ರತಿವರ್ಷ ಖಂಡೇ ಪೂಜೆಗೆ ಅಣ್ಣ ಅಂಗೈಯಲ್ಲಿ ವಿಭೂತಿ ಕಲಸಿ, ಮೂರು ಬೆರಳು ಕೂಡಿಸಿ, ನಳಿಗೆಗೆ ಅಡ್ಡಲಾಗಿ ಒಂದೇ ಜಾಗದಲ್ಲಿ ಎಳೆಯುತ್ತಿದ್ದ. ಹಸಿ ಬೂದಿ ಬೆಳಗಿನತನಕ ಅಲ್ಲೇ ಕೂತು ಉಕ್ಕನ್ನು ತಿನ್ನುತ್ತಿತ್ತು. ದೇವರಿಗೆ ಒಪ್ಪಿಸಿದ ಜಾಗವೇ ಮೊದಲು ಹಾಳಾಗುವುದು ನಮ್ಮ ಮನೆಯ ಪದ್ಧತಿ. ಹೀಗೆ ಮೂಡಿದ ಮೂರು ಬಿಳಿಚು ಪಟ್ಟಿಗಳಲ್ಲಿ ನಡುವಿನದು ತುದಿಯಲ್ಲಿ ಪಕ್ಕಕ್ಕೆ ವಾಲಿತ್ತು. ಅಣ್ಣನ ನಡುಬೆರಳು ಹಿಂದೊಮ್ಮೆ ನೀರೆತ್ತುವ ಇಂಜಿನ್ನಿನ ಬೆಲ್ಟಿಗೆ ಸಿಕ್ಕು, ಮತ್ತೆ ನೆಟ್ಟಗಾಗಿರಲಿಲ್ಲ.

ಅಣ್ಣ ಮಲಗುತ್ತಿದ್ದ ಕೋಣೆಯ ಗೋಡೆಗೆ ಆನಿಸಿಟ್ಟರೆ ಆ ಪಟ್ಟಿಗಳು, ಹಿಂದೆ ನಿಂತ ಯಾರೋ ನಳಿಗೆಯನ್ನು ಹಿಡಿದುಕೊಂಡಂತೆ ಕಾಣುತ್ತಿದ್ದವು. ಅಣ್ಣ ಹೋದಾಗಿನಿಂದ ವೈನಿ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಅವರ ಹಾಸಿಗೆ ಅಡುಗೆಮನೆಗೆ ಬಂದಿತ್ತು.

"ಶಂಕ್ರಪ್ಪಾ, ಎಲ್ಲಾ ಕರ್ರಗ ಮಾಡು" ಎಂದಿದ್ದರು. "ಆ ಮೂರು ಬಟ್ಟಿನ ಗುರುತು ಒಂದೂ ಕಾಣಬಾರದು. ಕಂಡ್ರ ಅದನ್ನ ಪೂಜಿಗೆ ಇಡಬ್ಯಾಡ, ಸ್ಟೇಷನ್ನಿಗೆ ಒಪ್ಪಿಸಿ ಬಾ. ಇಲ್ಲಾಂದ್ರ ನಾ ತವರುಮನಿಗೆ, ಕುಪ್ಪೇಲೂರಿಗೆ ಹೋಕ್ಕೀನಿ. ಈ ಮನ್ಯಾಗ ನನಗ ನಿದ್ದಿ ಇಲ್ಲ."

ಅವರು ಸುಮ್ಮನೆ ಹೆದರಿಸುವವರಲ್ಲ. ಬಟ್ಟೆಯ ಗಂಟು ಅಡುಗೆಮನೆಯ ಮೂಲೆಯಲ್ಲಿ ತಯಾರಿತ್ತು.

ನಾನು ಕ್ರಮವಾಗಿ ಹೋದೆ. ನಳಿಗೆ ಖಾಲಿಯಿದೆಯೆಂದು ನೋಡಿ, ಇನ್ನೊಮ್ಮೆ ನೋಡಿದೆ. ಸ್ಪಿರಿಟ್ಟಿನಿಂದ ಜಿಡ್ಡು ತೆಗೆದು, ನಯವಾದ ಉಕ್ಕಿನ ನಾರಿನಿಂದ ಉಜ್ಜಿ, ಹತ್ತಿಯಲ್ಲಿ ದ್ರಾವಣ ಅದ್ದಿ ಎಳೆದೆ. ಬಾಯಲ್ಲಿ ತಾಮ್ರದ ಕಾಸಿಟ್ಟುಕೊಂಡಂಥ ವಾಸನೆ ಬಂತು. ಉಕ್ಕು ಮೊದಲು ಕಂದು ಬಣ್ಣವಾಗಿ, ಆಮೇಲೆ ಮಳೆಮೋಡದಂತೆ ಕಪ್ಪಾಯಿತು. ನನಗೆ ನಾನೇ ಶಹಬ್ಬಾಸ್ ಹೇಳಿಕೊಳ್ಳುವಷ್ಟರಲ್ಲಿ, ಕೆರೆಯ ತಳದಿಂದ ಏನೋ ಮೇಲೆ ಬರುವ ಹಾಗೆ, ಆ ಕಪ್ಪಿನೊಳಗಿನಿಂದ ಮೂರು ಪಟ್ಟಿಗಳು ನಿಧಾನವಾಗಿ ಎದ್ದುಬಂದವು. ತೊಳೆದು ಮತ್ತೆ ಹಚ್ಚಿದೆ. ಮತ್ತೆ ಬಂದವು, ಈ ಸಲ ಇನ್ನಷ್ಟು ಸ್ಪಷ್ಟವಾಗಿ, ನಡುವಿನದರ ವಾಲು ಸಹಿತ.

ಬೂದಿಯ ಕ್ಷಾರ ಕೊರೆದ ಸಣ್ಣ ಗುಂಡಿಗಳಲ್ಲಿ ದ್ರಾವಣ ಸರಿಯಾಗಿ ಹಿಡಿಯುವುದಿಲ್ಲವೆಂದು ನಾನು ಸಕಾರಣವಾಗಿ ವಿವರಿಸಿದೆ. ವಿವರಿಸುವಾಗ ನನ್ನ ತೋಳಿನ ರೋಮ ಮಾತ್ರ ಅಟೆನ್ಷನ್ನಿನಲ್ಲಿ ನಿಂತಿತ್ತು.

"ಭಾವನವರು ನಿಮ್ಮನ್ನ ಪಾಸ್ ಮಾಡವಲ್ಲರು" ಎಂದಳು ಗಿರಿಜಾ. ನಗಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು. ವೈನಿ ಹೊಸ್ತಿಲು ದಾಟಿ ಬಂದು ನಮ್ಮ ಹಿಂದೆ ನಿಂತಿದ್ದರು.

ಬಹಳ ಹೊತ್ತು ನೋಡಿದರು. ಗಂಟು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೇಬಿಡುತ್ತಾರೆಂದು ನಾನು ಕಾದೆ. ಅವರು ಸೆರಗು ಸಿಕ್ಕಿಸಿಕೊಂಡು ಬಂದೂಕಿನ ಎದುರು ಕೂತರು.

"ಎಷ್ಟು ಸಲ ಹೇಳೀನ್ರಿ ನಿಮಗ? ನೀರು ಹಾಕಿ ಕಲಸಬ್ಯಾಡ್ರಿ, ಒಣಾ ಭಸ್ಮ ಹಚ್ಚರಿ ಅಂತ! ಕೇಳಿದ್ರೇನು? ಈಗ ನೋಡ್ರಿ, ನಿಮ್ಮ ತಮ್ಮ ಮುಂಜಾನಿಂದ ತಿಕ್ಕಾಕತ್ತಾನ. ಹೋಗೂವಾಗ ಒಂದ್ ಮಾತು ಹೇಳಲಿಲ್ಲ, ಈಗ ಬಟ್ಟು ತೋರಸ್ತೀರೇನು?"

ವೈನಿ ಮಾತಾಡುತ್ತಿದ್ದುದು ನಮ್ಮೊಂದಿಗಲ್ಲ. ಕಣ್ಣು ಕೂಡ ನಳಿಗೆಯ ಮೇಲಿರಲಿಲ್ಲ, ನಳಿಗೆಯಿಂದ ತುಸು ಮೇಲೆ, ಅದನ್ನು ಹಿಡಿದವನ ಮುಖವಿರಬೇಕಾದ ಎತ್ತರದಲ್ಲಿತ್ತು. ಬದುಕಿದ್ದಾಗ ಆ ಮನುಷ್ಯನನ್ನು ಅವರು ಬೈಯದ ದಿನವಿರಲಿಲ್ಲ. ಸತ್ತ ಮೇಲೆ ಬೈಯಬಾರದೆಂಬ ಮರ್ಯಾದೆಯೇ ಇಷ್ಟು ತಿಂಗಳು ಅವರ ನಿದ್ದೆ ಕೆಡಿಸಿತ್ತೋ ಏನೋ ಎಂದು ನನಗೆ ಹೊಳೆದದ್ದು ಆಗ. ಮರ್ಯಾದೆಯೂ ಒಂದು ಬಗೆಯ ತೊಗಟೆ. ಅದರಡಿಯಲ್ಲಿ ಮನುಷ್ಯ ಅಪರಿಚಿತನಾಗಿಬಿಡುತ್ತಾನೆ, ಅಪರಿಚಿತನಾದವನು ಭೂತವಾಗುತ್ತಾನೆ.

ಸಂಜೆ ಕುಡಗೋಲು, ಕೊಡಲಿ, ಇಳಿಗೆಮಣೆಗಳ ಸಾಲಿನಲ್ಲಿ ಬಂದೂಕನ್ನೂ ಇಟ್ಟೆವು. ವಿಭೂತಿ ಯಾರು ಹಚ್ಚಬೇಕೆಂದು ನಾನು ಯೋಚಿಸುತ್ತಿರುವಾಗಲೇ ವೈನಿ ಗಟ್ಟಿಯನ್ನು ಅಂಗೈಗೆ ತಿಕ್ಕಿ, ನೀರು ಹನಿಸಿ, ಎಳೆದರು. ಒಣ ಭಸ್ಮ ಎಂದು ಬೈದವರೇ! ಅವರ ಬೆರಳುಗಳು ನೆಟ್ಟಗಿವೆ, ಎಳೆದದ್ದೂ ನೆಟ್ಟಗೆ. ನಾವು ಮೂವರೂ ನೋಡಿದ್ದೇವೆ. ಕರ್ಪೂರ ಉರಿದು ಮುಗಿಯುವಷ್ಟರಲ್ಲಿ ಬೂದಿ ಆರಿತು. ಆರಿದಾಗ ನಡುವಿನ ಪಟ್ಟಿ ಪಕ್ಕಕ್ಕೆ ವಾಲಿತ್ತು. ಹಸಿ ಬೂದಿ ಹಳೆಯ ಕೊರಕಲಿಗೆ ಇಳಿದಿರಬೇಕೆಂದು ನಾನು ಹೇಳಲಿಲ್ಲ.

"ಇರ್ಲಿ ಬಿಡು" ಎಂದರು ವೈನಿ. ತಮ್ಮ ಹಾಸಿಗೆಯನ್ನು ಅಡುಗೆಮನೆಯಿಂದ ಎತ್ತಿ ಆ ಕೋಣೆಗೆ ಒಯ್ದು ಹಾಸಿದರು.

ಪೂಜೆಯಾದ ಮೇಲೆ ಬೂದಿ ಒರೆಸಿ, ಎಣ್ಣೆ ಹಚ್ಚಿ, ಬೀಗ ಹಾಕಬೇಕು, ನಿಯಮ ಹಾಗಿದೆ. ಮೂತಿಯಿಂದ ಹಿಡಿಯತನಕ ಎಣ್ಣೆಬಟ್ಟೆ ಆಡಿಸಿದೆ. ಮೂರು ಪಟ್ಟಿಗಳ ಅಂಚಿಗೆ ಬಂದಾಗ, ನಳಿಗೆ ಹಿಡಿದ ಅಣ್ಣನ ಕೈಗೆ ತಾಗದಂತೆ ಬಟ್ಟೆಯನ್ನು ಎತ್ತಿ, ಪಟ್ಟಿಗಳ ಆಚೆಯಿಂದ ಮುಂದುವರಿಸಿದೆ. ಕಪಾಟು ಮುಚ್ಚಿ ಬೀಗ ಹಾಕಿದೆ.